ಒಂಬತ್ತು ವರ್ಷ ಮುಚ್ಚಿಟ್ಟ ಲಾಗ್‌ಬುಕ್

ಬೆಳಗಾವಿ ಹತ್ತಿರದ ಸಾಂಬ್ರಾ ದಾಟಿ ಸುಳೇಭಾವಿ ಕಡೆಗೆ ನಮ್ಮದೊಂದು ಹೊಲ ಇದೆ. ಅಪ್ಪ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಕಾಕಾ. ನಾನು ಭಾನುವಾರ ಮಾತ್ರ ಹೋಗುತ್ತೇನೆ. ಹೋದರೂ ಬದುವಿನ ಮೇಲೆ ಕೂತು ಆಕಾಶ ನೋಡುವುದೇ ಜಾಸ್ತಿ. ಕೆಲವು ವರ್ಷಗಳಿಂದ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಪೈಲಟ್ ತರಬೇತಿ ನಡೆಯುತ್ತಿದೆ. ಪುಟ್ಟ ವಿಮಾನಗಳು ಏರುತ್ತವೆ, ಒಂದು ಸುತ್ತು ಹಾಕುತ್ತವೆ, ಚಕ್ರ ನೆಲಕ್ಕೆ ತಾಗಿದ ಕೂಡಲೇ ಮತ್ತೆ ಏರುತ್ತವೆ. ಸುತ್ತಲಿನ ಹಳ್ಳಿಯವರಿಗೆ ಈಗ ಅದು ಟ್ರ್ಯಾಕ್ಟರ್ ಸದ್ದಿನಷ್ಟೇ ಮಾಮೂಲು. ನನಗೆ ಮಾತ್ರ ಹಾಗಾಗಲಿಲ್ಲ. ಸದ್ದು ಕೇಳಿದರೆ ಕತ್ತು ಮೇಲಾಗುತ್ತದೆ. ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಎಳೆದದ್ದು ಸದ್ದಿನಲ್ಲೇ ಗೊತ್ತಾಗುತ್ತದೆ. ಮತ್ತೆ ಏರುವಾಗ ನನ್ನ ಬಲಗಾಲು ತಾನಾಗಿ ಬದುವಿನ ಮಣ್ಣನ್ನು ಒತ್ತುತ್ತದೆ, ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಅಲ್ಲಿ ಇದ್ದ ಹಾಗೆ.

ಕಾಕಾ ಅದನ್ನು ಒಂದು ದಿನ ಗಮನಿಸಿದರು.

"ನಿನಗೂ ಇದು ಬರ್ತೈತೆಲ್ಲೋ ತಮ್ಮಾ?"

"ಬರ್ತಿತ್ತು ಕಾಕಾ."

"ಬರ್ತಿತ್ತು ಅಂದ್ರ? ಈಜು ಕಲ್ತಾಂವ ಮರೀತಾನೇನು?"

ಉತ್ತರ ಕೊಡಲಿಲ್ಲ. ಮನೆಗೆ ಬಂದು ಟ್ರಂಕಿನಲ್ಲಿದ್ದ, ಹಾರಾಟದ ಲೆಕ್ಕ ಬರೆದಿಡುವ ಲಾಗ್‌ಬುಕ್ ತೆಗೆದೆ. ಕೊನೆಯ ಸಾಲು 2016ರ ಮಾರ್ಚ್‌ನದು.

ನಾನು ಹಾರಲು ಕಲಿತದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ. ಕೆಲಸಕ್ಕೆ ಹೋದವನು. ನಮ್ಮದು ಉದ್ಯಮಬಾಗ್‌ನಲ್ಲಿ ಸಣ್ಣ ಫೌಂಡ್ರಿ ನಡೆಸುವ ಮನೆ. ಕಬ್ಬಿಣ ಕರಗಿಸುವ ಊರಿನಿಂದ ವಿಮಾನ ಕಟ್ಟುವ ಊರಿಗೆ ಹೋಗಿ ಬಿದ್ದಿದ್ದೆ. 1927ರಲ್ಲಿ ಸೆಸ್ನಾ ಕಂಪನಿ ಹುಟ್ಟಿದ್ದು ಅಲ್ಲೇ. ನಮ್ಮಲ್ಲಿ ಬುಲೆಟ್ ಇಟ್ಟುಕೊಂಡವರ ಹಾಗೆ ಅಲ್ಲಿ ಪುಟ್ಟ ವಿಮಾನ ಇಟ್ಟುಕೊಂಡವರು ಸಿಗುತ್ತಾರೆ. ನನ್ನ ಪಕ್ಕದ ಮೇಜಿನವನೇ ಶನಿವಾರ ಬೆಳಿಗ್ಗೆ ತಿಂಡಿ ತಿನ್ನಲು ಇನ್ನೊಂದು ಊರಿಗೆ ಹಾರಿ ಹೋಗಿ ಬರುತ್ತಿದ್ದ. ನನಗೂ ಹುಚ್ಚು ಹಿಡಿಯಿತು. 2012ರಲ್ಲಿ, 34ನೇ ವಯಸ್ಸಿನಲ್ಲಿ, ಪ್ರೈವೇಟ್ ಪೈಲಟ್ ಲೈಸೆನ್ಸ್ ಕೈಗೆ ಬಂತು. ಕಾನೂನು ಕೇಳುವುದು ಕನಿಷ್ಠ 40 ಗಂಟೆಯ ಹಾರಾಟ. ನಾನು ತೆಗೆದುಕೊಂಡದ್ದು 61.

ಆ ಲೈಸೆನ್ಸ್ ನೋಡಲು ಚೆಂದ. ಪ್ಲಾಸ್ಟಿಕ್ ಕಾರ್ಡು, ಅದರ ಮೇಲೆ ರೈಟ್ ಸಹೋದರರ ಮುಖ. ಆದರೆ ಕೊನೆಯ ದಿನಾಂಕ ಅಂತ ಒಂದು ಇಲ್ಲವೇ ಇಲ್ಲ. ನಮ್ಮ ದ್ವಿಚಕ್ರದ ಲೈಸೆನ್ಸಿಗೂ ಅವಧಿ ಇರುತ್ತದೆ, ಇದಕ್ಕಿಲ್ಲ. ಒಮ್ಮೆ ಕೊಟ್ಟರೆ ಮುಗಿಯಿತು, ಸಾಯುವ ತನಕ ನಿನ್ನದೇ. ಒಂಬತ್ತು ವರ್ಷ ನಾನು ಯಾರಾದರೂ ಕೇಳಿದರೆ "ಪೈಲಟ್ ಲೈಸೆನ್ಸ್ ಇದೆ" ಅಂತಲೇ ಹೇಳಿಕೊಂಡು ಓಡಾಡಿದ್ದು ಈ ಧೈರ್ಯದ ಮೇಲೆ. ಸುಳ್ಳೇನೂ ಅಲ್ಲ. ಆದರೆ ಲೈಸೆನ್ಸ್ ಇರುವುದು ಬೇರೆ, ಅದನ್ನು ಬಳಸುವ ಹಕ್ಕು ಇರುವುದು ಬೇರೆ. ಪ್ರತಿ 24 ತಿಂಗಳಿಗೊಮ್ಮೆ ಇನ್‌ಸ್ಟ್ರಕ್ಟರ್ ಜೊತೆ ಕೂತು ಫ್ಲೈಟ್ ರಿವ್ಯೂ ಮಾಡಿಸಬೇಕು. ಕಡಿಮೆ ಅಂದರೆ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ. ವೈದ್ಯಕೀಯ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಬೇಕು ಅಂದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಮೂರು ಸಲ ಇಳಿದಿರಬೇಕು. ಈ ಮೂರರಲ್ಲಿ ಒಂದೂ ನನ್ನ ಬಳಿ ಇರಲಿಲ್ಲ. ನಮ್ಮ ದೇಶದ ದಾರಿ ಬೇರೆ. ಇಲ್ಲಿ ಲೈಸೆನ್ಸ್ ಕೊಡುವುದು ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ, ಅದಕ್ಕೆ ಅವಧಿಯೂ ಇದೆ, ನವೀಕರಣವೂ ಇದೆ. ಅಮೆರಿಕದ ಕಾರ್ಡು ಹಿಡಿದುಕೊಂಡು ವಿಟಿ ಅಕ್ಷರದಿಂದ ಇಲ್ಲಿ ನೋಂದಣಿಯಾದ ವಿಮಾನದಲ್ಲಿ ನೇರವಾಗಿ ಕೂರಲು ಬರುವುದಿಲ್ಲ. ಅದಕ್ಕೆ ಪರೀಕ್ಷೆ, ಮೆಡಿಕಲ್ ಎಲ್ಲ ಮತ್ತೆ.

ಹಾರುವುದನ್ನು ಯಾಕೆ ಬಿಟ್ಟೆ ಅಂತ ಕೇಳಿದವರಿಗೆ ನನ್ನ ಬಳಿ ಸಿದ್ಧ ಉತ್ತರ ಇತ್ತು. ಅಪ್ಪನಿಗೆ ಹುಷಾರಿರಲಿಲ್ಲ, ಊರಿಗೆ ಬಂದೆ, ಫೌಂಡ್ರಿ ನೋಡಿಕೊಳ್ಳಬೇಕಾಯಿತು, ಟೈಮ್ ಎಲ್ಲಿದೆ. ಎಲ್ಲರೂ ಒಪ್ಪುತ್ತಿದ್ದರು. ನಾನೂ ಒಪ್ಪಿಬಿಟ್ಟಿದ್ದೆ.

ಆದರೆ ಊರಿಗೆ ಬಂದದ್ದು 2016ರ ನವೆಂಬರ್‌ನಲ್ಲಿ. ಲಾಗ್‌ಬುಕ್ ನಿಂತದ್ದು ಮಾರ್ಚ್‌ನಲ್ಲಿ. ನಡುವಿನ ಎಂಟು ತಿಂಗಳು ನಾನು ಅಲ್ಲೇ ಇದ್ದೆ, ವಿಮಾನ ನಿಲ್ದಾಣದಿಂದ 20 ನಿಮಿಷದ ದೂರದಲ್ಲಿ.

ಮಾರ್ಚ್‌ನ ಆ ದಿನ ಸಲೈನಾ ಎಂಬ ಊರಿನಿಂದ ವಿಚಿಟಾಗೆ ವಾಪಸ್ ಬರುತ್ತಿದ್ದೆವು. ಪಕ್ಕದಲ್ಲಿ ಆಫೀಸಿನ ಗೆಳೆಯ. ಹೊರಡುವಾಗ ಮೋಡ ಮೇಲೆಯೇ ಇತ್ತು. ಅರ್ಧ ದಾರಿಯಲ್ಲಿ ಕೆಳಗಿಳಿಯತೊಡಗಿತು. ನಾನೂ ಇಳಿದೆ. ಅದು ಇನ್ನೂ ಇಳಿಯಿತು. ನಾನೂ ಇನ್ನೂ ಇಳಿದೆ. ತಿರುಗಿ ಹೋಗಬೇಕು ಅಂತ ಗೊತ್ತಿತ್ತು. ಆದರೆ ಇನ್ನು 15 ನಿಮಿಷದ ದಾರಿ, ರಾತ್ರಿ ಊಟಕ್ಕೆ ಬರುತ್ತೇನೆ ಅಂತ ಒಬ್ಬರಿಗೆ ಮಾತು ಕೊಟ್ಟಿದ್ದೆ. ಆಮೇಲೆ ಒಮ್ಮೆಲೇ ಎಲ್ಲ ಬೆಳ್ಳಗಾಯಿತು. ಮುಂದೆ, ಪಕ್ಕ, ಕೆಳಗೆ, ಎಲ್ಲ ಹತ್ತಿಯ ಹಾಗೆ. ವಿಮಾನ ನೆಟ್ಟಗೆ ಹೋಗುತ್ತಿದೆ ಅಂತ ಮೈ ಹೇಳುತ್ತಿತ್ತು. ಎದುರಿನ ಯಂತ್ರ ಮಾತ್ರ ಬಲಕ್ಕೆ ವಾಲಿದ್ದೇವೆ, ಇಳಿಯುತ್ತಿದ್ದೇವೆ ಅಂತ ತೋರಿಸುತ್ತಿತ್ತು. ಮೈಯನ್ನು ನಂಬಬೇಡ, ಯಂತ್ರವನ್ನು ನಂಬು ಅಂತ ಕಲಿಸಿದ್ದರು. ರೆಕ್ಕೆ ಸಮ ಮಾಡಿದೆ. ಉಸಿರು ಬಿಗಿ ಹಿಡಿದು ನಿಧಾನಕ್ಕೆ ಹಿಂದಕ್ಕೆ ತಿರುಗಿದೆ. ಹೊರಗೆ ಬಂದೆವು. ಒಟ್ಟು ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಗೆಳೆಯ ಅಷ್ಟೂ ಹೊತ್ತು ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದ. "ಎಷ್ಟು ಚೆಂದ ಇತ್ತಲ್ಲ" ಅಂದ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಅಧ್ಯಯನ ನಡೆದಿತ್ತು. ಯಂತ್ರ ನೋಡಿ ಹಾರುವ ತರಬೇತಿ ಇಲ್ಲದ 20 ಜನರನ್ನು ಮೋಡದೊಳಗೆ ಸಿಕ್ಕಿಕೊಂಡ ಸ್ಥಿತಿಗೆ ತಂದು ನೋಡಿದರು. 20ಕ್ಕೆ 20 ಜನ ಹತೋಟಿ ಕಳೆದುಕೊಂಡರು. ಸರಾಸರಿ ಹಿಡಿದ ಸಮಯ 178 ಸೆಕೆಂಡು. ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆ. ನಾನು ಇದನ್ನು ಓದಿದ್ದು ಆ ಹಾರಾಟಕ್ಕಿಂತ ಮೊದಲೇ. ಗೊತ್ತಿದ್ದೂ ಹೋದವನು ನಾನು, ಅದೇ ನನ್ನನ್ನು ಕೊರೆದದ್ದು. ಯಾರಿಗೂ ಹೇಳಲಿಲ್ಲ. ಮುಂದಿನ ಶನಿವಾರ ಗಾಳಿ ಜಾಸ್ತಿ ಅಂತ ಹೋಗಲಿಲ್ಲ. ಅದರ ಮುಂದಿನ ವಾರ ತಲೆನೋವು. ಹಾಗೇ ಒಂಬತ್ತು ವರ್ಷ.

ಕಾಕಾ ಹರೆಯದಲ್ಲಿ ಪೈಲ್ವಾನರು. ಅವರಿಗೆ ಇದೆಲ್ಲ ಹೇಳಿದಾಗ ನಗಲಿಲ್ಲ. ಒಮ್ಮೆ ಭುಜ ಕಳಚಿ ವರ್ಷಗಟ್ಟಲೆ ತಾಲೀಮಿಗೆ ಹೋಗದೇ ಇದ್ದರಂತೆ. ಮತ್ತೆ ಹೋದ ದಿನ ಅವರ ವಸ್ತಾದರು ಕುಸ್ತಿಗೆ ಬಿಡಲಿಲ್ಲ. ಕೈಗೆ ಗುದ್ದಲಿ ಕೊಟ್ಟರು. "ಎಂಟು ದಿನ ಬರೇ ಮಣ್ಣು ಅಗದು ಹದ ಮಾಡಿದೆ ನೋಡು. ಮೈ ಆಮ್ಯಾಲ. ಮೊದಲು ಅಂಜಿಕಿ ಹೋಗಬೇಕು. ಇಲ್ಲಾಂದ್ರ ಅಂಜಿಕಿ ಮುಚ್ಚಾಕ ಹೋಗಿ ಜೋರ್ ಮಾಡ್ತಿ, ಮುರಕೋತಿ."

ಈ ಮಾತನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡೆನೋ ಲೆಕ್ಕ ಇಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಒಬ್ಬ ಗಿರಾಕಿಯ ಕೆಲಸಕ್ಕೆ ವಿಚಿಟಾಗೆ ಹೋಗುವುದಿತ್ತು. ನಾಲ್ಕು ತಿಂಗಳು ಮೊದಲೇ ನನ್ನ ಮಣ್ಣು ಅಗೆಯುವ ಕೆಲಸ ಶುರು ಮಾಡಿದೆ. ಮೊದಲು ಸಿಕ್ಕದ್ದು ಕಲ್ಲು. ಮನೆ ಬದಲಾದರೆ 30 ದಿನದೊಳಗೆ ಅಲ್ಲಿನ ವಿಮಾನಯಾನ ಇಲಾಖೆಗೆ ವಿಳಾಸ ತಿಳಿಸಬೇಕು. ತಿಳಿಸದಿದ್ದರೆ ಲೈಸೆನ್ಸ್ ಬಳಸುವಂತಿಲ್ಲ. ನಾನು ಒಂಬತ್ತು ವರ್ಷದಿಂದ ತಿಳಿಸಿರಲಿಲ್ಲ. ಅದರ ಮೇಲೆ ಹೊಸ ನಿಯಮ: ಹೊರದೇಶದ ವಿಳಾಸ ಮಾತ್ರ ಇರುವವರು ಅಮೆರಿಕದಲ್ಲಿ ಕಾಗದ ಪತ್ರ ತೆಗೆದುಕೊಳ್ಳಲು ಒಬ್ಬ ಪ್ರತಿನಿಧಿಯನ್ನು 2025ರ ಜುಲೈ 7ರೊಳಗೆ ನೇಮಿಸಬೇಕಿತ್ತು. ಹಳೆಯ ಗೆಳೆಯನೊಬ್ಬ ಒಪ್ಪಿದ. ಅದೇ, ಫೋಟೊ ತೆಗೆದವನು.

ಆಮೇಲೆ ಮೈ. ಟಿಳಕವಾಡಿಯ ನಮ್ಮ ಡಾಕ್ಟರು ಪಟ್ಟಿ ಸುತ್ತಿ ನೋಡಿ "ಬಿಪಿ ಮಾತ್ರೆ ಶುರು ಮಾಡೋಣು" ಅಂದರು. ವಿಮಾನದ ಕಥೆ ಹೇಳಿದೆ. "ಹಂಗಾದ್ರ ಎರಡು ಶುರು ಮಾಡೋಣು" ಅಂದು ನಕ್ಕರು. ಅಮೆರಿಕದ ಮಿತಿ 155ಕ್ಕೆ 95. ಮಾತ್ರೆ ತಿಂದು ಹತೋಟಿಯಲ್ಲಿದ್ದರೆ, ಡಾಕ್ಟರ ಕಾಗದ ಇದ್ದರೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಆಗುತ್ತದೆ. ಇನ್ನೊಂದು ವಿಷಯ ನನಗೆ ನಿಜಕ್ಕೂ ಹೊಸದು. ನಮ್ಮ ಮನೆಯಲ್ಲಿ ಸೀನು ಬಂದರೆ ಸೆಟ್ರಿಜಿನ್, ಕಜ್ಜಿಗೆ ಸೆಟ್ರಿಜಿನ್, ಸುಮ್ನೆ ಮೂಗು ಕಟ್ಟಿದರೂ ಸೆಟ್ರಿಜಿನ್. ಫೌಂಡ್ರಿಯ ಧೂಳಿಗೆ ಅದೇ ನಮ್ಮ ಊಟದ ಉಪ್ಪಿನಕಾಯಿ. ಅದು ತೂಕಡಿಕೆ ತರಿಸುವ ಮಾತ್ರೆ ಅಂತ ಅಲ್ಲಿ ಹಾರುವ ಮುಂಚೆ ನಿಷೇಧ. ಲೋರಾಟಡೀನ್ ನಡೆಯುತ್ತದೆ. ಚೀಲದಲ್ಲಿ ಮಾತ್ರೆ ಬದಲಾಯಿಸಿಕೊಂಡೆ.

40 ದಾಟಿದ ಮೇಲೆ ಮೆಡಿಕಲ್ ಅವಧಿ ಐದು ವರ್ಷದಿಂದ ಎರಡಕ್ಕೆ ಇಳಿಯುತ್ತದೆ. 2017ರಿಂದ ಬೇಸಿಕ್‌ಮೆಡ್ ಎಂಬ ಸುಲಭದ ದಾರಿಯೊಂದು ಬಂದಿದೆ, ಆದರೆ ಅದಕ್ಕೆ ಅಮೆರಿಕದ ಡ್ರೈವಿಂಗ್ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ನನ್ನದು ಯಾವಾಗಲೋ ಮುಗಿದಿತ್ತು. ಹಳೆಯ ದಾರಿಯೇ ಗತಿ.

ರಾತ್ರಿ ಊಟ ಆದ ಮೇಲೆ ಮಾಳಿಗೆಗೆ ಪ್ಲಾಸ್ಟಿಕ್ ಕುರ್ಚಿ ಒಯ್ಯುತ್ತಿದ್ದೆ. ಎದುರಿಗೆ ಸೆಸ್ನಾ 172ರ ಯಂತ್ರಫಲಕದ ದೊಡ್ಡ ಚಿತ್ರ, ಕೈಯಲ್ಲಿ ಚೆಕ್‌ಲಿಸ್ಟ್. ಕಣ್ಣು ಮುಚ್ಚಿ ಪೂರ್ತಿ ಒಂದು ಹಾರಾಟ ಮಾಡುವುದು. ವೇಗ 55 ನಾಟ್, ಮೂಗು ಎತ್ತು. 74ಕ್ಕೆ ಏರು. ಎಂಜಿನ್ ನಿಂತರೆ 68. ಕೈ ನೀಡಿ ಇಲ್ಲದ ಥ್ರಾಟಲ್ ಎಳೆಯುವುದು, ಬಾಯಲ್ಲಿ ರೇಡಿಯೊ ಮಾತು ಜೋರಾಗಿ ಆಡುವುದು. ಪಕ್ಕದ ಮನೆಯವರು ಅವ್ವನನ್ನು ಕೇಳಿದರಂತೆ, "ನಿಮ್ಮ ಮಗಾ ರಾತ್ರಿ ಯಾರ ಜೋಡಿ ಇಂಗ್ಲಿಷಿನಾಗ ಜಗಳಾಡ್ತಾನ್ರಿ?"

ಅವ್ವನಿಗೆ ಇದೆಲ್ಲ ಸುತರಾಂ ಇಷ್ಟ ಇರಲಿಲ್ಲ. ಈ ವಯಸ್ಸಿನಾಗ ಯಾಕ ಬೇಕು ಅಂತ. ನಾನು ಜೆ.ಆರ್.ಡಿ. ಟಾಟಾ ಕಥೆ ಹೇಳಿದೆ. ಈ ದೇಶದಲ್ಲಿ ಮೊದಲ ನಂಬರಿನ ಲೈಸೆನ್ಸ್ ತೆಗೆದುಕೊಂಡವರು, 1929ರಲ್ಲಿ. 1932ರಲ್ಲಿ ಕರಾಚಿಯಿಂದ ಮುಂಬೈಗೆ ಟಪಾಲು ತಂದವರು. ಅದಕ್ಕೆ 50 ವರ್ಷ ತುಂಬಿದಾಗ, 78ನೇ ವಯಸ್ಸಿನಲ್ಲಿ, ಅದೇ ದಾರಿಯಲ್ಲಿ ಮತ್ತೆ ಹಳೆಯ ಕಾಲದ ಪುಟ್ಟ ವಿಮಾನ ಹಾರಿಸಿಕೊಂಡು ಬಂದರು. ಅವ್ವ ಪೂರ್ತಿ ಕೇಳಿಸಿಕೊಂಡಳು. "ಅವರು ಟಾಟಾ ಅಪಾ. ನೀ ಯಾರು?" ಅಂದಳು.

ಅಭ್ಯಾಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಹೊಲ ನೋಡುವುದು. 2023ರ ಮೇ ತಿಂಗಳಲ್ಲಿ ಸಾಂಬ್ರಾ ಸಮೀಪ ತರಬೇತಿ ವಿಮಾನವೊಂದು ಹೊಲದಲ್ಲಿ ತುರ್ತಾಗಿ ಇಳಿಯಿತು, ಒಳಗಿದ್ದ ಇಬ್ಬರೂ ಉಳಿದರು. ಆಗಿನಿಂದ ತಲೆಯಲ್ಲಿ ಒಂದು ಹುಳ. ಗೋಕಾಕ ಕಡೆಗೆ ಬೈಕಿನಲ್ಲಿ ಹೋಗುವಾಗ ಈಗ ಎಂಜಿನ್ ನಿಂತರೆ ಎಲ್ಲಿ ಇಳಿಯುವುದು ಅಂತ ನೋಡುತ್ತಾ ಹೋಗುತ್ತಿದ್ದೆ. ಮೇಲಿನಿಂದ ಕಬ್ಬು ಹಸಿರು ಹಾಸಿಗೆಯ ಹಾಗೆ ಕಾಣುತ್ತದೆ, ಆದರೆ ಅದು ಆಳೆತ್ತರದ ಕೋಲುಗಳ ಗೋಡೆ. ಭತ್ತದ ಗದ್ದೆ ಸಪಾಟಾಗಿ ಕಾಣುತ್ತದೆ, ಆದರೆ ಕೆಸರಿನಲ್ಲಿ ಮುಂಚಕ್ರ ಹೂತರೆ ವಿಮಾನ ಮಗುಚುತ್ತದೆ. ಮಳೆ ಬಿದ್ದ ಎರೆ ಹೊಲವೂ ಅಷ್ಟೇ. ನೇಗಿಲು ಹೊಡೆದ ಹೊಲವಾದರೆ ಸಾಲಿನ ಉದ್ದಕ್ಕೆ ಇಳಿಯಬೇಕು, ಅಡ್ಡಕ್ಕಲ್ಲ. ಜೋಳ ಕೊಯ್ದ ಕೂಳೆ ಹೊಲ ಸಿಕ್ಕರೆ ಪುಣ್ಯ. ಕರೆಂಟಿನ ತಂತಿ ಮೇಲಿನಿಂದ ಕಾಣುವುದೇ ಇಲ್ಲ, ಕಂಬ ಹುಡುಕಬೇಕು. ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ಆದರೆ ಯಾವ ತಿಂಗಳಲ್ಲಿ ಯಾವ ಹೊಲ ಹೇಗಿರುತ್ತದೆ ಅಂತ ಹೇಳಿಕೊಟ್ಟವರು ಕಾಕಾ. ರೈತನಿಗಿಂತ ದೊಡ್ಡ ಇನ್‌ಸ್ಟ್ರಕ್ಟರ್ ಈ ವಿಷಯದಲ್ಲಿ ಇಲ್ಲ.

ಸಾಂಬ್ರಾ ರನ್‌ವೇ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ವಿಮಾನದ ಲೆಕ್ಕದಲ್ಲಿ ಆ ಎತ್ತರಕ್ಕೆ ಇರಬೇಕಾದ ತಾಪಮಾನ 10 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 36 ಇದ್ದರೆ 26 ಡಿಗ್ರಿ ಜಾಸ್ತಿ. ಬಿಸಿಗೆ ಗಾಳಿ ತೆಳುವಾಗುವುದರಿಂದ ಜಾಸ್ತಿಯಾದ ಒಂದೊಂದು ಡಿಗ್ರಿಗೆ ಸುಮಾರು 120 ಅಡಿ ಎತ್ತರ ಸೇರಿಸಬೇಕು. ಅಂದರೆ ಆ ತೆಳು ಗಾಳಿಯಲ್ಲಿ ವಿಮಾನದ ಪಾಲಿಗೆ ಬೆಳಗಾವಿ 5,600 ಅಡಿ ಎತ್ತರದ ಊರು. ಓಡುವ ದೂರ ಹೆಚ್ಚುತ್ತದೆ, ಏರುವ ಶಕ್ತಿ ಕುಗ್ಗುತ್ತದೆ. ಇಲ್ಲಿ ಹಾರುವ ಹಕ್ಕೇ ನನಗೆ ಇಲ್ಲದಿದ್ದರೂ ಈ ಲೆಕ್ಕ ಮಾಡಿ ಖುಷಿಪಟ್ಟೆ.

ವಿಚಿಟಾದಲ್ಲಿ ಸಿಕ್ಕ ಇನ್‌ಸ್ಟ್ರಕ್ಟರಿಗೆ 70 ದಾಟಿತ್ತು. ಲಾಗ್‌ಬುಕ್ ತಿರುವಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದ ಮೊದಲ ಪ್ರಶ್ನೆ: ನಿಲ್ಲಿಸಿದ್ದು ಯಾಕೆ?

ಸಿದ್ಧ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮೋಡದ ಕಥೆ ಹೇಳಿದೆ. ಮುಖದಲ್ಲಿ ಅಚ್ಚರಿಯೇನೂ ಕಾಣಲಿಲ್ಲ. "ಹಾಗಾದರೆ ನಾಳೆ ಅಲ್ಲಿಂದಲೇ ಶುರು ಮಾಡೋಣ" ಅಂದರು. ಎಷ್ಟು ಗಂಟೆ ಬೇಕಾಗುತ್ತದೆ ಅಂತ ಕೇಳಿದೆ. ಬಿಟ್ಟ ಪ್ರತಿ ವರ್ಷಕ್ಕೆ ಒಂದು ಗಂಟೆ ಅಂತ ಪೈಲಟ್‌ಗಳಲ್ಲಿ ಒಂದು ಬಾಯಿಲೆಕ್ಕ ಇದೆ. ಈ ರಿವ್ಯೂನಲ್ಲಿ ಫೇಲ್ ಅಂತ ಇಲ್ಲ. ಇನ್‌ಸ್ಟ್ರಕ್ಟರಿಗೆ ಸಮಾಧಾನ ಆದರೆ ಸಹಿ ಹಾಕುತ್ತಾರೆ, ಆಗದಿದ್ದರೆ ಇನ್ನಷ್ಟು ಹಾರಿಸುತ್ತಾರೆ.

ಕಾಕಾ ಹೇಳಿದ್ದು ಅರ್ಧ ನಿಜ. ಈಜು ಮರೆತಿರಲಿಲ್ಲ. ಏರಿದ ಐದು ನಿಮಿಷಕ್ಕೆ ಕೈಗೆ ವಿಮಾನ ಗುರುತು ಸಿಕ್ಕಿತು. ತಿರುವು, ಎತ್ತರ, ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಸ್ಟಾಲ್ ಎಲ್ಲ ಪರವಾಗಿಲ್ಲ. ಕೈಕೊಟ್ಟದ್ದು ತಲೆ. ಒಂದು ಕೆಲಸ ಮಾಡುವಾಗ ಇನ್ನೊಂದು ಮರೆತುಹೋಗುತ್ತಿತ್ತು. ರೇಡಿಯೊದಲ್ಲಿ ಕರೆದರೆ ನನ್ನ ವಿಮಾನದ ನಂಬರೇ ನೆನಪಿಲ್ಲ. ಮಾಳಿಗೆಯ ಮೇಲೆ ಅಷ್ಟು ಜಗಳಾಡಿದವನು ಅಲ್ಲಿ ಮೂಕ. ಒಂಬತ್ತು ವರ್ಷದಲ್ಲಿ ನಿಯಮಗಳೂ ಬದಲಾಗಿದ್ದವು. ವಿಮಾನ ತಾನಿರುವ ಜಾಗವನ್ನು ತಾನೇ ಹೇಳಿಕೊಳ್ಳುತ್ತಾ ಹೋಗುವ ಎಡಿಎಸ್-ಬಿ ಎಂಬ ಪೆಟ್ಟಿಗೆ 2020ರಿಂದ ಹೆಚ್ಚಿನ ನಿಯಂತ್ರಿತ ಆಕಾಶದಲ್ಲಿ ಕಡ್ಡಾಯ. ನಾನು ಬಿಟ್ಟಾಗ ಅದರ ಮಾತು ಮಾತ್ರ ಇತ್ತು.

ಎರಡನೇ ದಿನ ಇಳಿಯುವ ಅಭ್ಯಾಸ. ಕೊನೆಯ ಹಂತದಲ್ಲಿ 65 ನಾಟ್ ಇರಬೇಕು. ನಾನು 78ರಲ್ಲಿ ಬಂದೆ. ವೇಗ ಜಾಸ್ತಿ ಇದ್ದರೆ ವಿಮಾನ ನೆಲಕ್ಕೆ ಕೂರುವುದಿಲ್ಲ, ತೇಲುತ್ತದೆ. ತೇಲಿತು. ನಾನು ಕೂರಿಸಲು ನೋಡಿದೆ. ಚಕ್ರ ಬಡಿದು ಮೇಲಕ್ಕೆ ಚಿಮ್ಮಿತು. ಮತ್ತೆ ಕೂರಿಸಲು ಮೂಗು ಒತ್ತಿದೆ. ಪಕ್ಕದ ಕೈ ಥ್ರಾಟಲ್ ಪೂರ್ತಿ ಮುಂದೆ ತಳ್ಳಿತು, ನಾವು ಮತ್ತೆ ಆಕಾಶದಲ್ಲಿದ್ದೆವು. ಹೀಗೆ ಇಳಿಯದೆ ಮತ್ತೆ ಏರಿಹೋಗುವುದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಸುತ್ತು ಮುಗಿಯುವ ತನಕ ಮಾತಿಲ್ಲ. ಕೆಳಗೆ ಬಂದು ಎಂಜಿನ್ ನಿಲ್ಲಿಸಿದ ಮೇಲೆ ಒಂದೇ ಪ್ರಶ್ನೆ: ಗೋ ಅರೌಂಡ್ ಮಾಡಬೇಕು ಅಂತ ನಿಮಗೆ ಯಾವಾಗ ಗೊತ್ತಾಯಿತು?

ಯೋಚಿಸಿದೆ. ರನ್‌ವೇ ತಲುಪುವುದಕ್ಕೂ ಮೊದಲೇ ಗೊತ್ತಾಗಿತ್ತು. 78 ಕಣ್ಣಿಗೆ ಬಿದ್ದಾಗಲೇ. ಹಾಗಾದರೆ ಯಾಕೆ ಮಾಡಲಿಲ್ಲ? ಪಕ್ಕದವರ ಮುಂದೆ ಮರ್ಯಾದೆ ಹೋಗುತ್ತದೆ ಅಂತ. ಅದು 2016ರದೇ ಉತ್ತರ. ಆಗ ಊಟಕ್ಕೆ ಮಾತು ಕೊಟ್ಟಿದ್ದೆ, ಈಗ ಸಹಿ ಬೇಕಿತ್ತು. ಒಂಬತ್ತು ವರ್ಷ ನಾನು ಮೋಡಕ್ಕೆ ಹೆದರಿದ್ದೇನೆ ಅಂದುಕೊಂಡಿದ್ದೆ. ಹೆದರಬೇಕಾದ್ದು ಮೋಡಕ್ಕಲ್ಲ, ತಿರುಗಿ ಹೋಗಲು ನಾಚುವ ಈ ಮನುಷ್ಯನಿಗೆ ಅಂತ ಆ ಬಿಸಿಲಿನಲ್ಲಿ, ನಿಂತ ವಿಮಾನದಲ್ಲಿ ಕೂತಾಗ ಹೊಳೆಯಿತು.

ಆ ಮಧ್ಯಾಹ್ನ ಪೂರ್ತಿ ಇಳಿಯಲೇ ಇಲ್ಲ. ಆರು ಸಲ ರನ್‌ವೇವರೆಗೆ ಬಂದು ಆರು ಸಲವೂ ಗೋ ಅರೌಂಡ್. ಚೆನ್ನಾಗಿ ಬಂದಿದ್ದರೂ ಇಳಿಯುವಂತಿಲ್ಲ. ಪೂರ್ತಿ ಪವರ್, ಬಲಗಾಲು, ಮೂಗು ಹಿಡಿದಿಟ್ಟುಕೋ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಹಂತ ಹಂತವಾಗಿ ಮೇಲಕ್ಕೆ. ಆರನೆಯದರ ಹೊತ್ತಿಗೆ ನಾಚಿಕೆ ಎಲ್ಲೋ ಬಿದ್ದುಹೋಗಿತ್ತು. ಮೂರನೇ ದಿನ ಹೊರಗಿನದು ಕಾಣದ ಹಾಗೆ ಕಣ್ಣಿಗೆ ಅಡ್ಡ ಕಟ್ಟಿಕೊಂಡು ಯಂತ್ರ ಮಾತ್ರ ನೋಡಿ ಹಾರಿದೆ. ತಿರುಗು, ಸಮ ಮಾಡು, ಹಿಂದಕ್ಕೆ ಬಾ. ಬೆವರು ಇಳಿಯಿತು, ಆದರೆ ಯಂತ್ರದ ಮೇಲಿಂದ ಕಣ್ಣು ಕದಲಲಿಲ್ಲ.

ಒಟ್ಟು ಏಳೂವರೆ ಗಂಟೆ ಹಾರಿದ ಮೇಲೆ ಸಹಿ ಸಿಕ್ಕಿತು. ಮಾರನೇ ದಿನ, ಸೆಪ್ಟೆಂಬರ್ 20ರಂದು, ಒಬ್ಬನೇ ಹೋದೆ. ಮೂರು ಸಲ ಏರಿದೆ, ಮೂರು ಸಲ ಇಳಿದೆ. ನಡುವೆ ಒಂದು ಸಲ ಗಾಳಿ ಅಡ್ಡ ಬಂದು ಗೋ ಅರೌಂಡ್ ಮಾಡಿದೆ. ಅದನ್ನೂ ಲಾಗ್‌ಬುಕ್ಕಿನಲ್ಲಿ ಬರೆದೆ, ಬರೆಯಬೇಕು ಅಂತ ಯಾವ ನಿಯಮವೂ ಇಲ್ಲದಿದ್ದರೂ.

ಊರಿಗೆ ಬಂದ ಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ 19ಕ್ಕೆ ಒಂದು ಗೆರೆ ಹಾಕಿದೆ. ಅದು 90ನೇ ದಿನ. ಆ ದಿನವೂ ಬಂತು, ಹೋಯಿತು. ರಿವ್ಯೂ 2027ರ ಸೆಪ್ಟೆಂಬರ್ ಕೊನೆಯವರೆಗೆ ನಡೆಯುತ್ತದೆ, ಆದರೆ ಮುಂದಿನ ಸಲ ಹೋದಾಗ ಮೊದಲು ಒಬ್ಬನೇ ಮೂರು ಸುತ್ತು ಹಾಕದೆ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ಡಿಜಿಸಿಎ ಪರೀಕ್ಷೆಯ ಪುಸ್ತಕ ತರಿಸಿಕೊಂಡಿದ್ದೇನೆ. ದಿನಕ್ಕೆ ನಾಲ್ಕು ಪುಟ ಸಾಗುತ್ತದೆ, ಫೌಂಡ್ರಿಯಲ್ಲಿ ಕುಲುಮೆ ಹಚ್ಚಿದ ದಿನ ಅದೂ ಇಲ್ಲ. ತನ್ನನ್ನು ಒಮ್ಮೆ ಹೊಲದ ಮೇಲೆ ಹಾರಿಸಬೇಕು ಅಂತ ಕಾಕಾನ ಒಂದೇ ಹಟ. ಬದು ಸರಿಯಾಗಿದೆಯೋ ಇಲ್ಲವೋ ಮೇಲಿನಿಂದ ನೋಡಬೇಕಂತೆ, ಪಕ್ಕದ ಹೊಲದವರು ಒತ್ತಿದ್ದಾರೆ ಅಂತ ಅವರಿಗೆ ಗುಮಾನಿ.

ಮೊನ್ನೆ ಭಾನುವಾರ ಇಬ್ಬರೂ ಬದುವಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ತರಬೇತಿಯ ವಿಮಾನವೊಂದು ಇಳಿಯಲು ಬಂತು. ತುಸು ಮೇಲೆ ಇತ್ತು, ತುಸು ಜೋರಾಗಿಯೂ ಇತ್ತು. ನನಗೆ ರೊಟ್ಟಿ ಗಂಟಲಲ್ಲೇ ನಿಂತಿತು. ಅಷ್ಟರಲ್ಲಿ ಎಂಜಿನ್ ಸದ್ದು ಏರಿತು. ಮೂಗು ಎತ್ತಿಕೊಂಡು ವಿಮಾನ ಹಾಗೇ ಮುಂದೆ ಹೊರಟುಹೋಯಿತು.

"ಇಳೀಲೇ ಇಲ್ಲಲ್ಲ," ಕಾಕಾ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. "ಯಾಕ?"

"ಮತ್ತೊಮ್ಮೆ ಬರ್ತಾನ ತಡೀರಿ."

ಕಾಕಾ ಚಟ್ನಿ ನನ್ನ ಕಡೆ ಸರಿಸಿದರು. ಅವನು ಸುತ್ತು ಹಾಕಿಕೊಂಡು ಬರುವ ತನಕ ಇಬ್ಬರೂ ಆ ಕಡೆಯೇ ನೋಡುತ್ತಾ ಕೂತೆವು.